ಒರೆಸ್ತೆಸ್‌ನ ಅಯಸ್ಕಾಂತಗಳು

ನನ್ನ ಮೈದುನ ಒರೆಸ್ತೆಸ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನನ್ನು ಬಾಯಿಗೆ ಬಂದಂತೆ ಬೈಯುವವಳಿದ್ದೇನೆ.

ಇಪ್ಪತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ. ರಷ್ಯದಿಂದ ಎಣ್ಣೆ ಬರುವುದು ನಿಂತ ವರ್ಷ ಕ್ಯೂಬಾದ ಅರ್ಧ ಚಕ್ರಗಳು ನಿಂತವು, ಕಾರ್ಖಾನೆಯೂ ನಿಂತಿತು. ಒರೆಸ್ತೆಸ್ ಜಗಲಿಯ ತೂಗುಕುರ್ಚಿಯಲ್ಲಿ ಕೂತು ಗೋಡೆ ನೋಡತೊಡಗಿದ. ಅವನನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಒಂದು ದಿನ ಮುಚ್ಚಿದ ಚಿತ್ರಮಂದಿರದ ಹಳೇ ಸ್ಪೀಕರುಗಳನ್ನು ಬಿಚ್ಚಿ, ಒಳಗಿನ ಅಯಸ್ಕಾಂತಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದ. ಎರಡನ್ನು ತನ್ನ ಕಾರಿನ ಡೀಸೆಲ್ ಪೈಪಿನ ಆಚೆಗೊಂದು ಈಚೆಗೊಂದು ಇಟ್ಟು ಟ್ಯೂಬಿನ ಪಟ್ಟಿಯಿಂದ ಬಿಗಿದ.

"ಅತ್ತಿಗೆ, ಎಣ್ಣೆ ಒಳಗೆ ಗಲಾಟೆ ಮಾಡ್ಕೊಂಡು ಹೋಗುತ್ತೆ. ಇದು ಅದನ್ನ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸುತ್ತೆ. ಕಾಲು ಭಾಗ ಉಳಿತಾಯ!"

ಮೊದಲು ನಾನು ನಕ್ಕೆ. ಆಮೇಲೆ ಅವನ ಜೊತೆ ಪಟ್ಟಣಕ್ಕೆ ಹೋಗಿ ಬಂದೆ. ನಮ್ಮೂರು ಎಲ್ ಹೊಬೊದಿಂದ ಪಟ್ಟಣಕ್ಕೆ ಎರಡು ಬೆಟ್ಟ ದಾಟಬೇಕು. ಇಳಿಜಾರಿನಲ್ಲಿ ಆ ಐವತ್ತೆರಡನೇ ಇಸವಿಯ ಡಬ್ಬಾ ಕಾರು ಸದ್ದೇ ಇಲ್ಲದೆ ಜಾರುತ್ತಿತ್ತು. "ಕೇಳು, ಎಂಜಿನ್ ಎಷ್ಟು ನುಣ್ಣಗೆ ಓಡ್ತಿದೆ" ಅಂದ. ನನಗೆ ಎಂಜಿನ್ ಬಗ್ಗೆ ಏನು ಗೊತ್ತು, ಮಣ್ಣು! ಊರೆಲ್ಲ ಡಂಗುರ ಸಾರಿದವಳೇ ನಾನು. ಜನ ಅವನನ್ನು ಇಂಜಿನಿಯರ್ ಅಂದರು. ತೂಗುಕುರ್ಚಿ ಖಾಲಿಯಾಯಿತು. ಊರಿನ ಆಂಬುಲೆನ್ಸ್ ಓಡಿಸುವ ಮಿಸಾಯೆಲ್ ಕೂಡ ಬಂದು ಒಂದು ಜೊತೆ ಕಟ್ಟಿಸಿಕೊಂಡ.

ಅದಾಗಿ ಮೂರನೇ ದಿನ ಬೆಳಿಗ್ಗೆ ನನ್ನ ತುಂಬು ಬಸುರಿ ಮಗಳು ಯಾನೆಲಿಸ್‌ಗೆ ನೋವು ಶುರುವಾಯಿತು. ದವಾಖಾನೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಬಾಗಿಲ ಹೊರಗೆ ಎಳೆದಳು. "ಎರ್ಸಿಲಿಯಾ, ಮಗು ಅಡ್ಡ ಮಲಗಿದೆ. ಹನ್ನೆರಡರೊಳಗೆ ಪಟ್ಟಣದಲ್ಲಿ ಕೊಯ್ದು ತೆಗೀಬೇಕು. ತಡ ಆದ್ರೆ ಇಬ್ಬರೂ ಇಲ್ಲ."

ಹತ್ತಕ್ಕೆ ಹೊರಟೆವು. ಒಂದು ಬೆಟ್ಟ ದಾಟಿದೆವು. ಎರಡನೆಯದರ ಏರಿನ ಮಧ್ಯೆ ಆಂಬುಲೆನ್ಸ್ ಎರಡು ಸಲ ಕೆಮ್ಮಿ ನಿಂತಿತು. ಆಗ ಹನ್ನೊಂದಕ್ಕೆ ಹತ್ತು ನಿಮಿಷ.

"ಎಣ್ಣೆ ನೋಡೋ!" ಅಂದೆ.

"ಎಣ್ಣೆ ಇದೆ ತಾಯಿ. ನಾನೇ ಕೈಯಾರೆ ಹಾಕಿದ್ದೀನಿ. ಇದು ಪಂಪಿನ ಕಿತಾಪತಿ."

ಆ ಗಾಡಿಯಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಮುಳ್ಳು ಸತ್ತು ವರ್ಷಗಳಾಗಿದ್ದವು. ಟ್ಯಾಂಕಿಗೆ ಒಂದು ಕಡ್ಡಿ ಇಳಿಸಿದ್ದರೆ ಮುಗಿಯುತ್ತಿತ್ತು. ಮಿಸಾಯೆಲ್ ಇಳಿಸಲಿಲ್ಲ, ಬಾನೆಟ್ ಎತ್ತಿ ಪಂಪು ಬಿಚ್ಚತೊಡಗಿದ. ಒಂದೊಂದು ಬೋಲ್ಟನ್ನೂ ಒರೆಸಿ ಬಟ್ಟೆಯ ಮೇಲೆ ಇಡುತ್ತಿದ್ದ. ಒಳಗೆ ಯಾನೆಲಿಸ್ ನನ್ನ ಮಣಿಕಟ್ಟು ಕಚ್ಚಿ ಹಿಡಿದಿದ್ದಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹನ್ನೊಂದು ಕಾಲು.

"ಅಮ್ಮಾ, ಒದೆಯೋದು ನಿಂತಿದೆ" ಅಂದಳು. ಮಲಗಿರಬೇಕು, ಮಕ್ಕಳು ಮಲಗುತ್ತವೆ ಅಂದೆ. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಆ ದಿನ ಗೊತ್ತಾಯಿತು.

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಮೋಟಾರ್‌ಸೈಕಲ್ ಸದ್ದು. ಕಾಫಿ ತೋಟದ ಮೇಸ್ತ್ರಿಯ ಬೆನ್ನಿಗೆ ಅಂಟಿಕೊಂಡು, ತೊಡೆಯ ಮೇಲೆ ಡೀಸೆಲ್ ಕ್ಯಾನು ಅಪ್ಪಿ ಕೂತಿದ್ದವನು ಒರೆಸ್ತೆಸ್. ಗಾಡಿ ನಿಲ್ಲುವ ಮುಂಚೆಯೇ ಹಾರಿದ.

"ಪಂಪು ಬಿಡೋ ಮಿಸಾಯೆಲ್, ಟ್ಯಾಂಕ್ ಖಾಲಿ!"

"ಅದು ಹೇಗಾಗುತ್ತೆ? ಪಟ್ಟಣ ಮುಟ್ಟೋಕೆ ಹದಿನೈದು ಲೀಟರ್ ಬೇಕಾದ ಕಡೆ ಹನ್ನೊಂದು ಹಾಕಿದ್ದೀನಿ. ಮಿಕ್ಕಿದ್ದು ಮುಂದಿನ ರೋಗಿಗೆ ಇರ್ಲಿ ಅಂತ. ನಿನ್ನ ಅಯಸ್ಕಾಂತ ಇದೆಯಲ್ಲ!"

"ಅಯಸ್ಕಾಂತ ಏನೂ ಮಾಡಲ್ಲ."

ಮಿಸಾಯೆಲ್ ಸ್ಪ್ಯಾನರ್ ಹಿಡಿದ ಕೈ ಇಳಿಸಿದ. "ಏನಂದೆ?"

"ಏನೂ ಮಾಡಲ್ಲ ಅಂದೆ. ಒಂದು ಹನಿಯೂ ಉಳಿಸಲ್ಲ. ಇಳಿಜಾರಲ್ಲಿ ನಾನು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡ್ತಿದ್ದೆ. ಉಳೀತಿದ್ದದ್ದು ಅದು. ನೀನು ಹನ್ನೊಂದೇ ಹಾಕ್ಕೊಂಡು ಹೋದೆ ಅಂತ ಎಣ್ಣೆ ಲೆಕ್ಕ ಬರೆಯೋ ಡಾಕ್ಟರಮ್ಮ ಹೇಳಿದ ಕೂಡಲೇ ಓಡಿ ಬಂದೆ. ಈಗ ಪಂಪು ಜೋಡಿಸು, ನಿನ್ನ ಕಾಲು ಹಿಡ್ಕೋತೀನಿ."

ಅವನ ತುಟಿ, ಗಡ್ಡವೆಲ್ಲ ಡೀಸೆಲ್ ನಾತ. ಏರಿನಲ್ಲಿ ತೆವಳುವ ತನ್ನ ಕಾರನ್ನು ನಂಬದೆ, ಅದರ ಟ್ಯಾಂಕಿಗೆ ಕೊಳವೆ ಇಳಿಸಿ ಬಾಯಿಂದಲೇ ಎಳೆದಿದ್ದ. ನಾನು ಕೆಳಗಿಳಿದು ಅವನ ಕೆನ್ನೆಗೆ ಬಾರಿಸಿದೆ.

"ಯಾವಾಗಿಂದ ಗೊತ್ತಿತ್ತೋ ನಿನಗೆ, ಮನೆಹಾಳ?"

"ಎರಡನೇ ವಾರದಿಂದ ಅತ್ತಿಗೆ. ಒಂದಿನ ಬಿಚ್ಚಿಟ್ಟು ಓಡಿಸಿ ನೋಡಿದೆ. ಅಷ್ಟೇ ಕುಡೀತು." ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಅಷ್ಟೊತ್ತಿಗೆ ಎಲ್ಲರೂ ಇಂಜಿನಿಯರ್ ಅಂತಿದ್ರು."

ಆಮೇಲೆ ಇಬ್ಬರೂ ಸೇರಿ ದುಡಿದರು. ಪಂಪು ಕೂತಿತು, ಕ್ಯಾನು ಬರಿದಾಯಿತು. ಆದರೂ ಎಂಜಿನ್ ಹಿಡಿಯಲಿಲ್ಲ. ಪೈಪಿನೊಳಗೆ ಗಾಳಿ ತುಂಬಿತ್ತು. ಒರೆಸ್ತೆಸ್ ಮಂಡಿಯೂರಿ ಕೈಪಂಪು ಒತ್ತುತ್ತಲೇ ಹೋದ. ನೊರೆ ಬಂತು, ಮತ್ತೆ ನೊರೆ, ಕೊನೆಗೆ ಎಣ್ಣೆ. ಹನ್ನೊಂದು ಐವತ್ತಕ್ಕೆ ಎಂಜಿನ್ ಗುಡುಗಿತು. ಜಾಗವಿಲ್ಲವೆಂದು ಅವನನ್ನು ರಸ್ತೆಯಲ್ಲೇ ಬಿಟ್ಟೆವು. ತಿರುಗಿ ನೋಡಿದರೆ ಖಾಲಿ ಕ್ಯಾನು ಹಿಡಿದು ಅಲ್ಲೇ ನಿಂತಿದ್ದ.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ಮೊಮ್ಮಗಳು ನೀಲಿಗಟ್ಟಿ ಬಂದಳು. ಅಳಲು ಅವಳು ತೆಗೆದುಕೊಂಡಷ್ಟು ಹೊತ್ತನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ಆದರೆ ಅತ್ತಳು.

ಆ ವಾರವೇ ಒರೆಸ್ತೆಸ್ ಮನೆಮನೆಗೆ ಹೋಗಿ, ಕಟ್ಟಿದ್ದ ಅಯಸ್ಕಾಂತಗಳನ್ನೆಲ್ಲ ತನ್ನ ಕೈಯಿಂದಲೇ ಬಿಚ್ಚಿದನಂತೆ. ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿದನಂತೆ: ಏನೂ ಮಾಡಲ್ಲ. ಕೆಲವರು ನಕ್ಕರು, ಕೆಲವರು ಉಗಿದರು. ಒಬ್ಬ ಮುದುಕನಂತೂ, "ಇರ್ಲಿ ಬಿಡಪ್ಪಾ, ನನ್ನ ಟ್ರ್ಯಾಕ್ಟರಿಗೆ ಇದು ಆಗಿಬಂದಿದೆ" ಎಂದು ಬಿಚ್ಚಲು ಬಿಡಲೇ ಇಲ್ಲ.

ಹತ್ತನೇ ದಿನ ನಮ್ಮನ್ನು ಕರೆದೊಯ್ಯಲು ಆಸ್ಪತ್ರೆಗೆ ಕಾರು ತಂದ. ಯಾನೆಲಿಸ್‌ಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತೆ. ಏರು ಮುಗಿದು ಇಳಿಜಾರು ಶುರುವಾಯಿತು. ಅವನ ಕೈ ಅಭ್ಯಾಸಬಲದಿಂದ ಕೀಲಿಯ ಕಡೆ ಹೋಯಿತು, ಮಗುವಿನ ಕಡೆ ನೋಡಿದ, ಕೈ ಹಿಂದೆ ತೆಗೆದ.

ಬೆಟ್ಟದ ಬುಡದವರೆಗೂ ಆ ಹಾಳು ಎಂಜಿನ್ ಗಡಗಡ ಅರಚುತ್ತಲೇ ಇತ್ತು. ಮಗು ಎಚ್ಚರಗೊಂಡು ಅಳತೊಡಗಿತು. ಅದು ಅಳಲಿ ಎಂದು ನಾನು ಸುಮ್ಮನೆ ಕೇಳುತ್ತ ಕೂತೆ.