ಹುಲ್ಲು ಕೊಯ್ಯುವ ಮುನ್ನ

ಸಿಟ್ಟು ಬಂದರೆ ಅವರಿಗೆ ಮೊದಲು ಕೆಂಪಾಗುತ್ತಿದ್ದುದು ಕುತ್ತಿಗೆ. ಎದೆಯ ಮೇಲ್ಭಾಗದಲ್ಲಿ ಒಂದು ಮಚ್ಚೆಯ ಹಾಗೆ ಶುರುವಾಗಿ, ಗಂಟಲು ದಾಟಿ, ಕಿವಿಯ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ಮುಖ ಮಾತ್ರ ಬೆಳ್ಳಗೇ ಇರುತ್ತಿತ್ತು. ದನಿಯೂ ಏರುತ್ತಿರಲಿಲ್ಲ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸಿದ ಹೆಂಗಸು. ಕೂಗಾಡದೆಯೇ ಮಾತು ಕೇಳಿಸುವುದು ಹೇಗೆಂದು ಗೊತ್ತಿತ್ತು. ಆ ಕುತ್ತಿಗೆ ನೋಡಿಯೇ ಎದುರಿನವರು ಎಚ್ಚರವಾಗಬೇಕಿತ್ತು. ಮೊದಲ ಸಲ ನಾನು ಎಚ್ಚರವಾಗಲಿಲ್ಲ.

ನಾವು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಕಾರ್ಖಾನೆಯ ಸಾಫ್ಟ್‌ವೇರ್ ಕೆಲಸ ನನ್ನದು. ನನ್ನ ವೀಸಾದ ಬಾಲ ಹಿಡಿದು ಬಂದ ಗಂಡ ಸ್ವೀಡಿಷ್ ಕ್ಲಾಸಿಗೆ ಹೋಗುತ್ತಿದ್ದ. ಊರೊಳಗೆ ಬಾಡಿಗೆ ಮನೆ ಸಿಗದೆ ಹತ್ತು ಕಿಲೋಮೀಟರ್ ಆಚೆ, ಏಳೆಂಟು ಮನೆಗಳಿದ್ದ ಒಂದು ಹಳ್ಳಿ ಸೇರಿದೆವು. ಹಿಂದೆ ಕಾಡು, ಮುಂದೆ ಹುಲ್ಲಿನ ಹೊಲ, ಪಕ್ಕದ ಮನೆಯಲ್ಲಿ ಈ ಅಜ್ಜಿ. ಅಜ್ಜಿ ಎಂದು ಕರೆಯುತ್ತಿದ್ದದ್ದು ನಾವಿಬ್ಬರೇ, ನಮ್ಮ ಮನೆಯೊಳಗೆ. ಎದುರಿಗೆ ಬಂದರೆ ಸ್ವೀಡನ್ನಿನಲ್ಲಿ ಎಲ್ಲರಿಗೂ ಎಲ್ಲರೂ ‘ನೀನು’.

ಬಂದ ವಾರವೇ ಅವರು ಹೆಗಲಿಗೆ ಬಂದೂಕು ಹಾಕಿಕೊಂಡು ಕಾಡಿನಿಂದ ಇಳಿದು ಬರುವುದನ್ನು ಕಂಡೆ. ಹಿಂದೆ ಗಿಡ್ಡ ಕಾಲಿನ ಕಂದು ನಾಯಿ. ಮರುದಿನ ಅವರ ಶೆಡ್ಡಿನಲ್ಲಿ ಚರ್ಮ ಸುಲಿದ ಜಿಂಕೆಯೊಂದು ತಲೆಕೆಳಗಾಗಿ ತೂಗುತ್ತಿತ್ತು. ದಾವಣಗೆರೆಯಲ್ಲಿ ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆಯಲ್ಲಿ ಬೆಳೆದವಳು ನಾನು. ‘ಹೋಗೀ ಹೋಗೀ ಕಟುಕರ ಪಕ್ಕ ಮನೆ ಮಾಡಿದೀವಲ್ಲೋ’ ಎಂದೆ ಗಂಡನಿಗೆ. ಎಂಟು ತಿಂಗಳು, ದಾರಿಯಲ್ಲಿ ಸಿಕ್ಕಾಗ ತಲೆಯಾಡಿಸಿದ್ದು ಬಿಟ್ಟರೆ, ಅವರ ಜೊತೆ ನಾನು ಮಾತಾಡಲಿಲ್ಲ.

ಮಾರನೆಯ ವರ್ಷ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೊಲದ ಅಂಚಿನಲ್ಲಿ ನಡೆಯುತ್ತಿದ್ದೆವು. ಒಂದು ಮರದ ಬುಡದಲ್ಲಿ ಜಿಂಕೆಮರಿ ಮುದುಡಿ ಮಲಗಿತ್ತು. ಮೊಲಕ್ಕಿಂತ ಸ್ವಲ್ಪ ದೊಡ್ಡದು, ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ. ನಾವು ಹತ್ತಿರ ಹೋದರೂ ಏಳಲಿಲ್ಲ. ಕಣ್ಣು ತೆರೆದೇ ಇತ್ತು.

‘ಮುಟ್ಟೋದು ಬೇಡ ಕಣೇ, ತಾಯಿ ಬರಬಹುದು’ ಎಂದ ಗಂಡ.

‘ಹತ್ತು ನಿಮಿಷ ಆಯ್ತು. ಎಲ್ಲಿದೆ ತಾಯಿ? ಆ ಅಜ್ಜಿನೇ ಹೊಡೆದಿರ್ತಾಳೆ’ ಎಂದೆ.

ನನ್ನ ದುಪಟ್ಟಾದಲ್ಲಿ ಸುತ್ತಿ ಎತ್ತಿಕೊಂಡು ಮನೆಗೆ ತಂದೆ. ಅಡುಗೆಮನೆಯ ಮೂಲೆಯಲ್ಲಿ ಟವೆಲ್ ಹಾಸಿ ಮಲಗಿಸಿ, ಬೆಚ್ಚಗಿನ ಹಸುವಿನ ಹಾಲಿಗೆ ಬೆರಳು ಅದ್ದಿ ಬಾಯಿಗೆ ಹಿಡಿದೆ. ಅದು ಬಾಯಿ ತೆರೆಯಲಿಲ್ಲ, ನಡುಗುತ್ತಿತ್ತು. ಹೆದರಿಕೆ ಹೋದಮೇಲೆ ಕುಡಿಯುತ್ತದೆ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ನನ್ನ ಮೇಲೇ ಮೆಚ್ಚುಗೆ ಬಂದಿತ್ತು.

ನಾನು ಮರಿ ಎತ್ತಿದ್ದನ್ನು ಅಜ್ಜಿ ತಮ್ಮ ಕಿಟಕಿಯಿಂದ ನೋಡಿದ್ದರಂತೆ. ಬಾಗಿಲು ಬಡಿದು, ಬೂಟು ಕೂಡ ಬಿಚ್ಚದೆ ಒಳಗೆ ಬಂದರು. ಕುತ್ತಿಗೆ ಕೆಂಪಾಗಿತ್ತು.

‘ಎಲ್ಲಿ ಅದು? ಕದ್ದುಕೊಂಡು ಬಂದಿದೀಯಲ್ಲ, ಎಲ್ಲಿ?’

‘ಕದ್ದಿಲ್ಲ. ತಾಯಿ ಇಲ್ಲದ ಮರಿ. ಉಳಿಸೋಕೆ ತಂದೆ.’

‘ತಾಯಿ ಇದೆ. ನೀನು ಅಲ್ಲಿ ನಿಂತಿದ್ದಕ್ಕೇ ಅದು ಬರಲಿಲ್ಲ. ಮರಿ ಮಲಗಿಸಿ ದೂರ ಹೋಗುತ್ತೆ, ತನ್ನ ವಾಸನೆ ಹಿಡಿದು ನರಿ ಬರಬಾರದು ಅಂತ. ಹಾಲೂಡಿಸೋಕೆ ಮಾತ್ರ ಬರುತ್ತೆ. ಅದು ಅಷ್ಟು ಜಾಗ್ರತೆ ಮಾಡಿ ಬಚ್ಚಿಟ್ಟಿದ್ದನ್ನ ನೀನು ಎತ್ತಿಕೊಂಡು ಬಂದೆ.’

ನನಗೂ ಸಿಟ್ಟು ಬಂತು. ‘ನೀನು ಕೊಲ್ಲೋಳು. ನನಗೆ ಹೇಳೋಕೆ ಬರ್ತೀಯಾ?’ ಎಂದುಬಿಟ್ಟೆ.

‘ಹೌದು, ಕೊಲ್ತೀನಿ. ಕೊಲ್ತಾ ಇದೀನಿ ಅಂತ ಗೊತ್ತಿದ್ದೇ ಕೊಲ್ತೀನಿ. ನೀನು ಗೊತ್ತಿಲ್ಲದೆ ಕೊಲ್ತಾ ಇದೀಯ, ಮುದ್ದು ಬೇರೆ ಮಾಡ್ತಾ ಇದೀಯ.’

ಆಮೇಲೆ ಅವರು ನನ್ನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಹೊರಗೆ ಹೋಗಿ ಎರಡು ಕೈತುಂಬ ಹುಲ್ಲು ಕಿತ್ತು ತಂದರು. ತಮ್ಮ ಕೈಯ ವಾಸನೆ ಅದಕ್ಕೆ ತಾಗದಂತೆ ಹುಲ್ಲಿನಲ್ಲೇ ಮರಿಯನ್ನು ಹಿಡಿದು ಎತ್ತಿದರು. ‘ಬಾ. ಎಲ್ಲಿ ಮಲಗಿತ್ತೋ ಅದೇ ಜಾಗ ತೋರಿಸು. ಒಂದು ಅಡಿ ಆಚೀಚೆ ಆಗಬಾರದು.’

ಮರಿಯನ್ನು ಮರದ ಬುಡದಲ್ಲಿ ಬಿಟ್ಟು, ಗಾಳಿ ನಮ್ಮ ಕಡೆಗೆ ಬೀಸುವ ಹಾಗೆ ನೋಡಿಕೊಂಡು, ದೂರದ ಕಲ್ಲುಬೇಲಿಯ ಹಿಂದೆ ಮಲಗಿದೆವು. ಎರಡು ಗಂಟೆ. ಸೊಳ್ಳೆಗಳು ಮುಖವನ್ನೆಲ್ಲ ತಿಂದುಹಾಕಿದವು. ಒಂದನ್ನೂ ಹೊಡೆಯಲು ಅವರು ಬಿಡಲಿಲ್ಲ. ಕೊನೆಗೆ ಕಾಡಿನ ಅಂಚಿನಿಂದ ಹೆಣ್ಣುಜಿಂಕೆ ಹೊರಬಂತು. ಮರಿಯನ್ನು ಮೂಸಿತು. ಹಿಂದೆ ಸರಿಯಿತು. ನಾಯಿ ಬೊಗಳಿದಂತೆ ಗಡುಸಾಗಿ ಒದರಿ ಕಾಡಿಗೆ ಓಡಿಹೋಯಿತು. ಅಜ್ಜಿ ನನ್ನ ಮುಂಗೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡರು. ಇನ್ನೂ ಎಷ್ಟೋ ಹೊತ್ತಾದಮೇಲೆ ಅದು ಮತ್ತೆ ಬಂತು. ಮರಿ ತಡವರಿಸುತ್ತ ಎದ್ದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.

ನಾನು ಅಳುತ್ತಿದ್ದೆ. ‘ಅದೃಷ್ಟ’ ಎಂದರು ಅವರು. ‘ಅದರ ಅದೃಷ್ಟ. ಇದರಲ್ಲಿ ನಿಂದೇನೂ ಇಲ್ಲ.’

ಮರುದಿನ ಬೆಳಿಗ್ಗೆ ಕೋಸಂಬರಿ ಮಾಡಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವರು ಬಟ್ಟಲು ತೆಗೆದುಕೊಂಡು, ‘ಮುಂದಿನ ವಾರ ಹೊಲ ನಡೆಯೋಕೆ ಜನ ಬೇಕು. ಬೂಟು ಇದೆಯಾ?’ ಎಂದು ಕೇಳಿದರು. ಅಷ್ಟೇ.

ಹೊಲ ನಡೆಯುವುದು ಎಂದರೆ ಏನೆಂದು ಆಗ ತಿಳಿಯಿತು. ಹುಟ್ಟಿದ ಮೊದಲ ವಾರಗಳಲ್ಲಿ ಜಿಂಕೆಮರಿ ಅಪಾಯ ಬಂದರೆ ಓಡುವುದಿಲ್ಲ. ನೆಲಕ್ಕೆ ಒತ್ತಿಕೊಂಡು ಮಲಗಿಬಿಡುತ್ತದೆ. ನರಿ ಬಂದಾಗ ಅದು ಜಾಣತನ. ಹುಲ್ಲು ಕೊಯ್ಯುವ ಯಂತ್ರ ಬಂದಾಗ ಅದೇ ಸಾವು. ತಾಯಂದಿರು ಮರಿಗಳನ್ನು ಬಚ್ಚಿಡುವುದು ಎತ್ತರದ ಹುಲ್ಲಿನಲ್ಲೇ, ಹುಲ್ಲು ಕೊಯ್ಲಿಗೆ ಬರುವುದೂ ಅದೇ ಜೂನ್‌ನಲ್ಲಿ. ಆದ್ದರಿಂದ ಕೊಯ್ಯುವ ಹಿಂದಿನ ದಿನ ಅಜ್ಜಿಯ ಬೇಟೆ ತಂಡದ ನಾಲ್ವರು ಮುದುಕರು, ಅಜ್ಜಿ, ಮತ್ತೆ ಆ ವರ್ಷದಿಂದ ನಾನು, ಕೈಚಾಚಿದರೆ ತಾಗುವಷ್ಟು ಅಂತರದಲ್ಲಿ ಸಾಲಾಗಿ ನಿಂತು ಇಡೀ ಹೊಲ ನಡೆಯುತ್ತಿದ್ದೆವು. ಸಿಕ್ಕ ಮರಿಯನ್ನು ಹುಲ್ಲಿನಲ್ಲಿ ಹಿಡಿದು ಅಂಚಿಗೆ ಒಯ್ಯುತ್ತಿದ್ದೆವು. ಆಮೇಲೆ ಹೊಲದ ನಡುವೆ ಕೋಲು ನೆಟ್ಟು, ಗೊಬ್ಬರದ ಖಾಲಿ ಚೀಲ ಕಟ್ಟುತ್ತಿದ್ದೆವು. ಚೀಲ ಗಾಳಿಗೆ ಪಟಪಟ ಎಂದರೆ ತಾಯಿ ಹೆದರಿ, ಉಳಿದ ಮರಿಗಳನ್ನು ತಾನೇ ಕರೆದುಕೊಂಡು ಹೋಗುತ್ತದೆ.

ಬೇಟೆಗಾರರು ಎಂದರೆ ನನ್ನ ತಲೆಯಲ್ಲಿ ಇದ್ದ ಚಿತ್ರವೇ ಬೇರೆ. ಹಿಮ ಮೊಣಕಾಲು ಮುಳುಗಿಸಿದ ವರ್ಷ ಅಜ್ಜಿ ಸ್ಕೀ ಕಟ್ಟಿಕೊಂಡು ಜಿಂಕೆಗಳಿಗೆಂದು ಕಾಡಿಗೆ ಓಟ್ಸ್ ಹೊತ್ತರು, ಅವರ ತಂಡ ಆ ಚಳಿಗಾಲ ಒಂದು ಜಿಂಕೆಯನ್ನೂ ಹೊಡೆಯಲಿಲ್ಲ. ನರಿ ಹೊಡೆಯುತ್ತಿದ್ದರು, ಒಂದು ನರಿ ಒಂದು ಬೇಸಗೆಯಲ್ಲಿ ಎಷ್ಟು ಮರಿ ಹುಡುಕಿ ತಿನ್ನಬಲ್ಲದು ಎಂದು ಅವರಿಗೆ ಗೊತ್ತಿತ್ತು. ಕಾರಿಗೆ ಸಿಕ್ಕಿದ ಜಿಂಕೆ ಕಾಲು ಮುರಿದುಕೊಂಡು ಕಾಡು ಸೇರಿದರೆ ಪೊಲೀಸರು ಫೋನ್ ಮಾಡುತ್ತಿದ್ದದ್ದು ಅಜ್ಜಿಗೆ. ಅವರ ನಾಯಿ ರಕ್ತದ ವಾಸನೆ ಹಿಡಿದು ಹುಡುಕುತ್ತಿತ್ತು, ಅವರು ಗುಂಡು ಹೊಡೆದು ಅದರ ನರಳಾಟ ಮುಗಿಸುತ್ತಿದ್ದರು. ಶರತ್ಕಾಲದಲ್ಲಿ ಬೇಟೆಯಾಡುತ್ತಿದ್ದರು, ಹೊಡೆದದ್ದನ್ನು ಒಂದು ಚೂರೂ ಬಿಡದೆ ತಿನ್ನುತ್ತಿದ್ದರು. ನಾನು ಕೊನೆಯವರೆಗೂ ತಿನ್ನಲಿಲ್ಲ. ಅವರು ಒತ್ತಾಯ ಮಾಡಲೂ ಇಲ್ಲ. ನಾನು ಹೋದರೆ ಆಲೂಗಡ್ಡೆಯನ್ನು ಬೇರೆ ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ಯಾರಾದರೂ ಬೀದಿಯಲ್ಲಿ ನಿಂತು ‘ಅಯ್ಯೋ, ಮುದ್ದಾದ ಪ್ರಾಣಿ’ ಎಂದು ಕರಗಿದರೆ ಮಾತ್ರ ತಾಳ್ಮೆ ಕೆಡುತ್ತಿತ್ತು. ‘ಪಾಪ ಅನ್ನೋಕೆ ಬೂಟು ಹಾಕ್ಕೊಬೇಕಾಗಿಲ್ಲ’ ಎನ್ನುತ್ತಿದ್ದರು.

ಎರಡು ಸಾವಿರದ ಆರರ ಹೊತ್ತಿಗೆ ಹೊಲದ ಹಳೆಯ ರೈತ ತೀರಿಕೊಂಡು, ಹುಲ್ಲು ಒಬ್ಬ ಗುತ್ತಿಗೆದಾರನ ಪಾಲಾಯಿತು. ದೊಡ್ಡ ಟ್ರ್ಯಾಕ್ಟರ್, ಮೂರಾಳು ಅಗಲದ ಕೊಯ್ಯುವ ಯಂತ್ರ. ಹಳೆಯ ರೈತ ಕೊಯ್ಯುವ ಮುನ್ನಾದಿನ ಅಜ್ಜಿಗೆ ತಪ್ಪದೆ ಫೋನ್ ಮಾಡುತ್ತಿದ್ದ. ಇವನ ಹತ್ತಿರ ಅಜ್ಜಿ ಮೂರು ಸಲ ಹೋಗಿ ಕೇಳಿಕೊಂಡಿದ್ದರು: ‘ಒಂದು ದಿನ ಮುಂಚೆ ಹೇಳು, ಸಾಕು. ಉಳಿದದ್ದು ನಾವು ಮಾಡ್ತೀವಿ.’ ‘ಆಯ್ತು, ಆಯ್ತು’ ಎಂದಿದ್ದ.

ಹೇಳಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಯಂತ್ರದ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಅಜ್ಜಿ, ಆಗಲೇ ಕೆಟ್ಟುಹೋಗಿದ್ದ ಮೊಣಕಾಲನ್ನು ಎಳೆದುಕೊಂಡು, ಹೊಲದ ನಡುವೆ ಓಡುತ್ತಿದ್ದರು. ನಾನೂ ಬ್ಯಾಗು ಎಸೆದು ಓಡಿದೆ. ಟ್ರ್ಯಾಕ್ಟರಿನ ಮುಂದೆ ಅವರು ಎರಡೂ ಕೈ ಚಾಚಿ ನಿಂತಮೇಲೆ ಅದು ನಿಂತಿತು. ಅವನು ಕಿಟಕಿ ತೆರೆದ.

‘ನಾಳೆ ಮಳೆಯಂತೆ. ಕಾಯೋಕಾಗಲ್ಲ’ ಎಂದ.

ಇಂಜಿನ್ ಆರಿದ ಮೇಲೆಯೇ ಆ ಕೂಗು ನಮಗೆ ಕೇಳಿಸಿದ್ದು. ಅದನ್ನು ಹೇಗೆ ಬರೆಯಲಿ? ಎಳೆಮಗುವಿನ ಚೀರಾಟಕ್ಕೆ ಹತ್ತಿರದ್ದು. ಕೊಯ್ದ ಹುಲ್ಲಿನ ಸಾಲಿನಲ್ಲಿ ಮರಿ ಬಿದ್ದಿತ್ತು. ಮುಂದಿನ ಎರಡು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಆದರೂ ಏಳಲು ಹವಣಿಸುತ್ತಿತ್ತು.

ಬಂದೂಕು ಅಜ್ಜಿಯ ಮನೆಯ ಬೀರುವಿನಲ್ಲಿತ್ತು, ಬೀಗ ಹಾಕಿ. ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ. ‘ನಾನು ಬರೋವರೆಗೂ ಇಲ್ಲೇ ಇರು. ಅದನ್ನ ಒಂಟಿಯಾಗಿ ಬಿಡಬೇಡ’ ಎಂದು ಅವರು ಕುಂಟುತ್ತ ಹೊರಟರು. ಹೋಗಿಬರಲು ಅವರಿಗೆ ಕಾಲು ಗಂಟೆ ಬೇಕಾಯಿತು. ಆ ಕಾಲು ಗಂಟೆ ನಾನು ಅದರ ಪಕ್ಕ ಮೊಣಕಾಲೂರಿ ಕೂತಿದ್ದೆ. ಅವನು ಟ್ರ್ಯಾಕ್ಟರಿನಲ್ಲೇ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ. ಈಗಲೂ ಆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಕೈ ನೆನಪಾದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ. ಇಳಿದು ಬಂದು ನೋಡಲೂ ಇಲ್ಲವಲ್ಲ.

ಅಜ್ಜಿ ಬಂದರು. ನನ್ನನ್ನು ದೂರ ಸರಿಸಿ, ಒಂದೇ ಗುಂಡು. ಹೊಲ ಸುಮ್ಮನಾಯಿತು.

ಆಗ ಅವನು ಮಾತಾಡಿದ: ‘ಇಷ್ಟೆಲ್ಲ ಯಾಕೆ? ಹೇಗೂ ಅಕ್ಟೋಬರಿನಲ್ಲಿ ನೀನೇ ಹೊಡೀತಿದ್ದೆ.’

ಅವರ ಕುತ್ತಿಗೆ ಅಷ್ಟು ಕೆಂಪಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಂದೂಕು ಖಾಲಿ ಮಾಡಿ ಹೆಗಲಿಗೆ ಹಾಕಿಕೊಂಡರು. ಬಗ್ಗಿ ಮರಿಯನ್ನು ಎತ್ತಿ, ತಂದು, ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ, ಅವನ ಬೂಟಿನ ಹತ್ತಿರ ಮಲಗಿಸಿದರು.

‘ಹೊಡೀತಿದ್ದೆನೋ ಏನೋ. ಅಲ್ಲಿವರೆಗೆ ಅದಕ್ಕೊಂದು ಬೇಸಗೆ ಇತ್ತು. ನಾಲ್ಕು ಕಾಲೂ ಇದ್ದವು. ಈಗ ಇಳಿ. ಇದನ್ನ ನೀನೇ ಹೂಳಬೇಕು. ಹೂಳೋವರೆಗೂ ನಾನು ಟ್ರ್ಯಾಕ್ಟರ್ ಮುಂದೆಯೇ ನಿಂತಿರ್ತೀನಿ.’

‘ನಿನಗೆ ಹುಚ್ಚು’ ಎಂದ. ಅವರು ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತರು. ನಾನೂ ಹೋಗಿ ಅವರ ಪಕ್ಕ ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಕೊನೆಗೆ ಅವನು ಇಳಿದ. ನಾನು ಮನೆಯಿಂದ ಗುದ್ದಲಿ ತಂದುಕೊಟ್ಟೆ. ಅವನು ಅಗೆದ. ಆಳ ಸಾಲದು ಎಂದು ಅವರು ಇನ್ನೂ ಅಗೆಸಿದರು. ಮಣ್ಣು ಮುಚ್ಚಿದಮೇಲೆ, ‘ಈಗ ಸಾಲಿನಲ್ಲಿ ನಿಲ್ಲು. ಇದಕ್ಕೆ ಜೊತೆ ಹುಟ್ಟಿದ್ದು ಇರುತ್ತೆ’ ಎಂದರು.

ಇತ್ತು. ಟ್ರ್ಯಾಕ್ಟರ್ ನಿಂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ, ಹುಲ್ಲಿನ ನಡುವೆ ಅಲುಗದೆ ಮಲಗಿತ್ತು. ಮೊದಲು ಕಂಡವನು ಅವನೇ. ಹುಲ್ಲಿನಲ್ಲಿ ಹಿಡಿಯುವುದು ಹೇಗೆಂದು ಅಜ್ಜಿ ತೋರಿಸಿಕೊಟ್ಟರು. ಅವನು ಎತ್ತಿ ಅಂಚಿಗೆ ಒಯ್ದ. ನನಗೆ ಅವನ ಮೇಲೆ ಮರುಕ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮುಂದಿನ ವರ್ಷದಿಂದ ಅವನು ಫೋನ್ ಮಾಡತೊಡಗಿದ. ಒಂದು ಫೋನಿಗೆ ಒಂದು ಜೀವ ಹೋಗಬೇಕಾಯಿತು ಎನ್ನುವುದನ್ನು ಹೇಗೆ ಮರೆಯಲಿ.

ಆ ವರ್ಷದ ದೀಪಾವಳಿಗೆ ಕನ್ನಡದವರೆಲ್ಲ ಸೇರಿದ್ದಾಗ ಒಬ್ಬರು, ‘ನೀವು ಬೇಟೆ ಆಡೋರ ಜೊತೆ ಓಡಾಡ್ತೀರಂತೆ? ನಮ್ಮವರಾಗಿ ಹೆಂಗೆ ಮನಸ್ಸು ಬರುತ್ತೆ ರೀ?’ ಎಂದು ನಕ್ಕರು. ಅದೇ ಮನುಷ್ಯ ಹಿಂದಿನ ವಾರ ತಮ್ಮ ಕಾರಿಗೆ ಜಿಂಕೆ ಬಡಿದದ್ದನ್ನೂ, ‘ಅದು ಓಡಿಹೋಯ್ತು, ಏನಾಗಿರಲ್ಲ’ ಎಂದು ನಿಲ್ಲಿಸದೆ ಬಂದದ್ದನ್ನೂ ಆಗಷ್ಟೇ ಹೇಳಿ ಮುಗಿಸಿದ್ದರು. ನನ್ನ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಗಂಡ ನನ್ನನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಆಮೇಲೆ ಎರಡು ವರ್ಷ ನಮ್ಮನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಕರೆಯದಿದ್ದರೆ ಬೇಡ.

ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ಅವರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಮೇ ತಿಂಗಳಲ್ಲಿ ಆಸ್ಪತ್ರೆಗೆ ನೋಡಲು ಹೋದಾಗ ತೋಳು ಕಡ್ಡಿಯಾಗಿತ್ತು. ‘ಹುಲ್ಲು ಎಷ್ಟು ಬಂದಿದೆ?’ ಎಂದು ಕೇಳಿದರು. ಪಾದ ಮುಳುಗುವಷ್ಟು ಎಂದೆ. ‘ಬೇಗ ಬೆಳೀತಾ ಇದೆ’ ಎಂದು ಮುಖ ಸಿಂಡರಿಸಿದರು, ಹುಲ್ಲಿನ ಮೇಲೂ ಸಿಟ್ಟು ಎನ್ನುವ ಹಾಗೆ. ಅದೇ ವಾರ ಹೋದರು.

ಇಲ್ಲಿ ಮಣ್ಣು ಮಾಡುವುದಕ್ಕೆ ವಾರಗಟ್ಟಲೆ ಕಾಯುತ್ತಾರೆ. ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆದದ್ದು ಜೂನ್‌ನ ಒಂದು ಶುಕ್ರವಾರ. ಅವರು ಪ್ರಕೃತಿಯನ್ನು ಪ್ರೀತಿಸುತ್ತಿದ್ದರು ಎಂದು ಪಾದ್ರಿ ಹೇಳಿದಾಗ ನನಗೆ ಎದ್ದು ನಿಂತು ಜಗಳವಾಡಬೇಕು ಅನ್ನಿಸಿತು. ಪ್ರೀತಿಸುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಕಿಟಕಿಯ ಹಿಂದೆ. ಗುತ್ತಿಗೆದಾರ ಶನಿವಾರ ಕೊಯ್ಯುತ್ತೇನೆ ಎಂದು ಹೇಳಿದ್ದರಿಂದ, ಚರ್ಚಿನಲ್ಲಿ ಕೊಟ್ಟ ಕಾಫಿ ಮುಗಿಸಿ, ನಾಲ್ವರು ಮುದುಕರೂ ನಾನೂ ಕಪ್ಪು ಬಟ್ಟೆಯಲ್ಲೇ ಹೊಲಕ್ಕೆ ಇಳಿದೆವು. ಬೂಟು ಕಾರಿನಲ್ಲಿತ್ತು. ಸಾಲಿನ ನಡುವೆ ಅವರು ನಿಲ್ಲುತ್ತಿದ್ದ ಜಾಗಕ್ಕೆ ಯಾರೂ ಹೋಗದೆ ತೆರವಾಗಿಯೇ ಉಳಿದಿತ್ತು. ಅಷ್ಟು ಅಗಲದ ಹುಲ್ಲಿನಲ್ಲಿ ಒಂದು ಮರಿ ಮಲಗಿರಬಹುದು ಎಂದು ಹೊಳೆದು ನಾನು ಅಲ್ಲಿಗೆ ಸರಿದೆ.

ಅಲ್ಲೇ ಇತ್ತು. ಕೈತುಂಬ ಹುಲ್ಲು ಕಿತ್ತು ಹಿಡಿದು ಎತ್ತಿದೆ. ಎದೆಗೆ ಅದರ ಗುಂಡಿಗೆ ಬಡಿಯುತ್ತಿತ್ತು. ಇದ್ದಕ್ಕಿದ್ದಂತೆ ಅವರ ಮೇಲೆಯೇ ಅಸಾಧ್ಯ ಸಿಟ್ಟು ಬಂತು. ‘ಹೋಗೋಕೆ ಬೇರೆ ತಿಂಗಳು ಸಿಗಲಿಲ್ವಾ ನಿನಗೆ?’ ಎಂದು ಕನ್ನಡದಲ್ಲಿ, ಜೋರಾಗಿಯೇ ಬೈದೆ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಪಕ್ಕದ ಮುದುಕ ನಿಂತು ನನ್ನ ಕಡೆ ನೋಡಿದ. ‘ಏನಂದೆ?’ ಎಂದು ಕೇಳಿದ.

‘ಸಾಲು ಮುರೀಬೇಡಿ ಅಂದೆ’ ಎಂದೆ ನಾನು, ಮರಿಯನ್ನು ಅಂಚಿಗೆ ಒಯ್ಯುತ್ತ. ‘ಇನ್ನೂ ಅರ್ಧ ಹೊಲ ಬಾಕಿ ಇದೆ.’