ನಡುಮನೆಗೊಂದು ಕಿಟಕಿ

ಸುಣ್ಣದ ನೀರಿಗೆ ಬಟ್ಟೆಗೆ ಹಾಕುವ ನೀಲಿಪುಡಿಯನ್ನು ಕಲಸಿದಾಗ ಹುಟ್ಟುವ ಬಣ್ಣವನ್ನು ನೀವು ನೋಡಿದ್ದೀರೋ ಇಲ್ಲವೋ ತಿಳಿಯದು. ಗಡಿಗೆಯಲ್ಲಿರುವಾಗ ಅದು ಕಾರ್ಮೋಡದಂತೆ ಕಾಣುತ್ತದೆ; ಗೋಡೆಗೆ ಬಳಿದೊಡನೆ ಇನ್ನಷ್ಟು ಕಪ್ಪಿಟ್ಟು, ಇದ್ದ ಮನೆಯನ್ನೂ ಕೆಡಿಸಿಬಿಟ್ಟೆವಲ್ಲ ಎನ್ನಿಸುತ್ತದೆ; ಆಮೇಲೆ ಒಣಗುತ್ತ ಒಣಗುತ್ತ, ಯಾರೂ ನೋಡದ ಹೊತ್ತಿನಲ್ಲಿ, ಮಳೆ ನಿಂತ ಮರುದಿನದ ಆಕಾಶದಷ್ಟು ತಿಳಿಯಾಗಿಬಿಡುತ್ತದೆ. ಆದೋನಿಯ ನಮ್ಮ ನಡುಮನೆಗೆ ಆ ಬಣ್ಣ ಬಳಿಸಿದಾಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಅದು ಎರಡನೆಯ ಮಹಾಯುದ್ಧದ ಕಾಲ. ಅಂಗಡಿಯಲ್ಲಿ ಬೇರೆ ಬಣ್ಣ ಸಿಗುತ್ತಿರಲಿಲ್ಲ. ಸಿಕ್ಕ ನೀಲಿಯೇ ನಮಗೆ ಶೃಂಗಾರ.

ಈಗ ಆಂಧ್ರದಲ್ಲಿರುವ ಆದೋನಿ, ಆಲೂರು ಎಲ್ಲ ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಆಲೂರಿನ ನನ್ನ ತವರುಮನೆ ಬಡವಾದರೂ ಗಾಳಿ-ಬೆಳಕಿನಲ್ಲಿ ಸಿರಿವಂತವಾಗಿತ್ತು. ಮದುವೆಯಾಗಿ ಬಂದ ಮನೆ ಹತ್ತಿ ವ್ಯಾಪಾರಿಗಳದು. ತಲೆಬಾಗಿಲಿಗೆ ಹಿತ್ತಾಳೆಯ ಹೂಗಳು, ನೆಲಕ್ಕೆ ಕಡಪದ ಕಲ್ಲು, ಮೇಲೆ ಮಣ್ಣಿನ ಮಾಳಿಗೆ, ಎಲ್ಲವೂ ಗಟ್ಟಿಮುಟ್ಟು. ಆದರೆ ನಡುಮನೆಗೆ ಒಂದು ಕಿಟಕಿಯೂ ಇರಲಿಲ್ಲ. ಮಾಳಿಗೆಯಲ್ಲಿದ್ದ ಅಂಗೈಯಗಲದ ಬೆಳಕಿಂಡಿಯಿಂದ ಮಧ್ಯಾಹ್ನಕ್ಕೊಮ್ಮೆ ಒಂದು ಬಿಸಿಲಕೋಲು ಇಳಿದು, ನೆಲದ ಮೇಲೆ ಸ್ವಲ್ಪ ಹೊತ್ತು ಹರಿದಾಡಿ, ನೆಂಟರಂತೆ ಮೇಲಕ್ಕೆದ್ದು ಹೋಗುತ್ತಿತ್ತು. ಉಳಿದ ಹೊತ್ತೆಲ್ಲ ಗೋಡೆಯ ಗೂಡಿನಲ್ಲಿ ಚಿಮಣಿ ಉರಿಯಬೇಕು. ಯುದ್ಧ ಬಂದು ಸೀಮೆಎಣ್ಣೆ ಸಿಗದಂತಾದ ಮೇಲೆ ಅದೂ ನಿಂತಿತು. ಹಗಲಿನಲ್ಲೇ ನಾನು ಹೊಸ್ತಿಲೆಡವುತ್ತಿದ್ದೆ, ತಂಬಿಗೆ ಉರುಳಿಸುತ್ತಿದ್ದೆ, ಉಪ್ಪೆಂದು ಸೋಡಾ ಹಾಕುತ್ತಿದ್ದೆ.

ಆ ಕತ್ತಲೆಯಲ್ಲಿ ಎಡವದೆ ಓಡಾಡುತ್ತಿದ್ದವರು ಒಬ್ಬರೇ, ನಮ್ಮತ್ತೆ ಗೌರಮ್ಮ. ಒಂದರ ಮೇಲೊಂದು ಏರಿಸಿಟ್ಟ ಅಡಕಲ ಗಡಿಗೆಗಳಲ್ಲಿ ಯಾವುದರಲ್ಲಿ ತೊಗರಿ, ಯಾವುದರಲ್ಲಿ ನವಣೆ ಎಂದು ಅವರ ಕೈಗೆ ಗೊತ್ತಿತ್ತು. ಸೊಂಟದ ಕೀಲಿಕೈ ಗೊಂಚಲನ್ನು ಕಿಣಿಕಿಣಿ ಎನ್ನಿಸುತ್ತ ಅವರು ನಡೆದರೆ ಮನೆಯೇ ಅವರಿಗೆ ದಾರಿ ಬಿಟ್ಟುಕೊಟ್ಟಂತೆ ತೋರುತ್ತಿತ್ತು. ನನ್ನನ್ನು ನೋಡಿ, ಅಂದರೆ ನಾನು ಎಡವಿದ ಸದ್ದು ಕೇಳಿ, "ಆಲೂರಾಗ ಎಲ್ಲಾರೂ ಹಿಂಗ ಬಿದ್ದು ಎದ್ದು ಅಡಿಗಿ ಮಾಡ್ತಾರೇನು, ಶರಣಮ್ಮ?" ಎಂದು ನಗುತ್ತಿದ್ದರು. ಸೂಜಿಗೆ ದಾರ ಪೋಣಿಸುವುದು, ಬೇಳೆಯಲ್ಲಿನ ಹರಳು ಆರಿಸುವುದು ಮಾತ್ರ ನನ್ನ ಪಾಲಿಗೆ. ಸೊಸೆ ಕಲಿಯಲಿ ಎಂಬ ನೆಪ.

ಒಂದು ಸಂಜೆ ಮಾವನವರು ಊಟಕ್ಕೆ ಕುಳಿತಾಗ ನಮ್ಮವರ ಬೆನ್ನ ಹಿಂದೆ ನಿಂತು, ಬೀದಿಗೆ ತಾಗಿದ ಗೋಡೆಗೆ ಒಂದು ಕಿಟಕಿ ಇಡಿಸಿ, ಒಳಗೆಲ್ಲ ಸುಣ್ಣ ಬಳಿಸಿ, ಸಾಮಾನುಗಳಿಗೆ ಹಲಗೆ ಹೊಡೆಸಿದರೆ ಹೇಗೆ ಎಂದು ಅವರಿಂದ ಕೇಳಿಸಿದೆ. ಮಾವನವರು ವೀರಭದ್ರಪ್ಪ, ಹತ್ತಿಯ ಮಾತು ಬಿಟ್ಟರೆ ಉಳಿದುದಕ್ಕೆಲ್ಲ ತಲೆಯಾಡಿಸುವವರು. ಆಗಲಿ ಎಂದರು. ಆದರೆ ಅತ್ತೆಯವರು ಒಲೆಯ ಮುಂದಿನಿಂದ ಎದ್ದೇಬಿಟ್ಟರು.

"ನನ್ನ ಮನಿ ಮುಟ್ಟಬ್ಯಾಡ್ರಿ. ಹತ್ತಿ ಧೂಳೆಲ್ಲಾ ಒಳಗ ಬರ್ತೈತಿ. ಹೋಗೋರು ಬರೋರೆಲ್ಲಾ ಇಣಿಕಿ ನೋಡ್ತಾರ."

"ಬೆಳಕು ಬರ್ತೈತಲ್ಲವ್ವಾ" ಎಂದರು ನಮ್ಮವರು.

"ಬೆಳಕಿಲ್ದ ನಾ ಬಾಳೇವು ಮಾಡಿಲ್ಲೇನು?"

ಆ ಮಾತಿನಲ್ಲಿದ್ದ ಕಸುವನ್ನು ನಾವು ಹಿರಿಯರ ಹಟವೆಂದೇ ತಿಳಿದೆವು. ಹೊಸದನ್ನು ಬೇಡವೆನ್ನುವವರೆಲ್ಲ ಹಳೆಯದರ ಮೇಲಿನ ಮೋಹದಿಂದಲೇ ಹಾಗನ್ನುತ್ತಾರೆಂದು ತಿಳಿಯುವುದು ಹರೆಯದವರಿಗೆ ಎಷ್ಟು ಸುಲಭ ನೋಡಿ! ಮೂಢತನವೆಂದು ನಾವು ಹೆಸರಿಡುವುದರ ಒಳಗೆ ಎಷ್ಟೋ ಸಲ ಹೆದರಿಕೆ ಉಸಿರು ಬಿಗಿಹಿಡಿದು ಕುಳಿತಿರುತ್ತದೆ.

ಹುಸೇನಪ್ಪನೆಂಬ ಮೇಸ್ತ್ರಿ ಬಂದ. ಗುಡ್ಡದ ಕಲ್ಲಿನ ಆ ಗೋಡೆ ಅವನ ಹಾರೆಗೂ ಬೇಗ ಜಗ್ಗಲಿಲ್ಲ. "ಅಮ್ಮಾ, ಇದಿ ಗೋಡ ಕಾದು, ಕೋಟ!" ಗೋಡೆಯಲ್ಲ, ಕೋಟೆ ಎಂದು ತೆಲುಗಿನಲ್ಲಿ ಹೇಳಿ ಬೆವರೊರೆಸಿಕೊಂಡ; ನಮ್ಮೂರ ಬೆಟ್ಟದ ಮೇಲೆ ಒಂದು ಕೋಟೆ ಸಾಲದೆಂದು ಇಲ್ಲೊಂದು ಕಟ್ಟಿದ್ದಾರೆಂದು ನಾವು ನಕ್ಕೆವು. ಕಬ್ಬಿಣದ ಸರಳು ಸಿಗದೆ ಬೇವಿನ ಕಟ್ಟಿಗೆಯ ಸರಳುಗಳನ್ನೇ ಕೂರಿಸಿದ. ಕೆಲಸ ಮುಗಿಯುವವರೆಗೆ ಅತ್ತೆಯವರು ದೇವರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಸುಣ್ಣ ಬಳಿದಾದ ಮೇಲೆ ನಾನು ನನಗೆ ತಿಳಿದಷ್ಟು ಚೆಂದವಾಗಿ ಮನೆ ಹೊಂದಿಸಿದೆ. ಅಡಕಲ ಗಡಿಗೆಗಳು ಮೂಲೆಯಿಂದ ಎದುರುಗೋಡೆಗೆ ಹೋದವು. ಹಿತ್ತಾಳೆ ಪಾತ್ರೆಗಳು ಬಿಸಿಲಿಗೆ ಹೊಳೆಯುವಂತೆ ಹೊಸ ಹಲಗೆಯೇರಿದವು. ಬೀಸುವ ಕಲ್ಲು ಕಿಟಕಿಯ ಹತ್ತಿರ ಬಂತು.

ಬೆಳಿಗ್ಗೆ ಎಲ್ಲರೂ ನೋಡಿ ಮೆಚ್ಚಿದರು. ಅತ್ತೆಯವರೂ ಹೊಸ್ತಿಲ ಮೇಲೆ ನಿಂತು "ಚೊಲೊ ಆಗೈತಿ" ಎಂದರು. ಕಿಟಕಿ ಅವರ ಬಲಕ್ಕಿತ್ತು. ಅವರು ಎಡಗೋಡೆಯನ್ನು ನೋಡುತ್ತಿದ್ದರು. ಮುನಿಸು ಇನ್ನೂ ಇಳಿದಿಲ್ಲವೆಂದುಕೊಂಡೆ. ಗಂಡಸರು ಹತ್ತಿಪೇಟೆಗೆ ಹೋದ ಮೇಲೆ ನಾನು ನೀರಿನ ಕೊಡ ಇಳಿಸಿ ಒಳಗೆ ಬರುತ್ತೇನೆ, ಅತ್ತೆಯವರು ಗಡಿಗೆಗಳಿದ್ದ ಹಳೆಯ ಮೂಲೆಯಲ್ಲಿ ನಿಂತು ಬರಿಯ ಗೋಡೆಯನ್ನು ತಡವುತ್ತಿದ್ದಾರೆ. ಹಸಿ ಸುಣ್ಣ ಅಂಗೈಗಳಿಗೆಲ್ಲ ಮೆತ್ತಿಕೊಂಡಿದೆ. ಗೋಡೆ ಹಿಡಿದುಕೊಂಡೇ ಅವರು ಸರಿದರು, ಇನ್ನಷ್ಟು ಸರಿದರು. ಕೈ ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ, ಬೀದಿಯ ಗಾಳಿಗೆ ಹೋಗಿಬಿಟ್ಟಿತು. ಅವರು ಹಾಗೆಯೇ ನಿಂತರು. ಬಿಸಿಲು ಅವರ ಮುಖದ ತುಂಬ ಬಿದ್ದಿತ್ತು. ಆಗ ನಾನು ಅವರ ಕಣ್ಣುಗಳನ್ನು ಮೊದಲ ಸಲ ಬೆಳಕಿನಲ್ಲಿ ಕಂಡೆ. ಎರಡೂ ಕಣ್ಣಿನ ನಟ್ಟನಡುವೆ ಮಜ್ಜಿಗೆಯ ಹನಿಯಂಥ ಬಿಳುಪು.

"ಯಾರದು?" ಎಂದರು.

"ನಾನ್ರಿ ಅತ್ತಮ್ಮ."

"ಮತ್ಯಾರರ ಅದಾರೇನು?"

"ಯಾರೂ ಇಲ್ರಿ."

"ಬಾಗಲಾ ಹಾಕು."

ಬಾಗಿಲು ಹಾಕಿ ಬಂದು ಅವರ ಕೈ ಹಿಡಿದು ಕೂರಿಸಿದೆ. ಅವರು ಸುಣ್ಣ ಮೆತ್ತಿದ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ, ಬೇರೆ ಯಾರದೋ ಮಾತೆತ್ತಿದಂತೆ ತಮ್ಮತ್ತೆಯ ಸುದ್ದಿ ಹೇಳಿದರು. "ನಮ್ಮತ್ತೀಗೂ ಹಿಂಗ ಆಗಿತ್ತು. ಕಣ್ಣು ಹೋದವಂತ ಗೊತ್ತಾದ ದಿನಾನೆ ಮನ್ಯಾಗಿನೋರು ಆಕಿ ಸೊಂಟದಾಗಿನ ಕೀಲಿಕೈ ಬಿಚ್ಚಿ ನನಗ ಕೊಟ್ರು. ಹಿಂದಿನ ಪಡಸಾಲ್ಯಾಗ ಒಂದು ಹೊರಸು ಹಾಕಿ ಆಕೀನ್ನ ಅದರ ಮ್ಯಾಲೆ ಕೂಡಿಸಿದ್ರು. ಹೊತ್ತಿಗೆ ಸರಿಯಾಗಿ ಊಟ ಹೋಗ್ತಿತ್ತು, ಅದರಾಗ ಏನೂ ಕಮ್ಮಿ ಮಾಡ್ಲಿಲ್ಲ. ಆದ್ರ ಒಬ್ರರ ಬಂದು, ಇವತ್ತೇನು ಅಡಿಗಿ ಮಾಡೂನಂತ ಆಕೀನ್ನ ಕೇಳಿಲ್ಲ, ಶರಣಮ್ಮ. ನಾನೂ ಕೇಳಿಲ್ಲ."

ಸೊಂಟದ ಗೊಂಚಲನ್ನು ಮುಟ್ಟಿಕೊಂಡು, "ಕತ್ತಲಾಗ ಎಲ್ಲಾರೂ ಕುರುಡರು. ಅದಕ್ಕ ನನಗ ಅದು ಚೊಲೊ ಇತ್ತು" ಎಂದರು.

ನಾನು ಎದ್ದು ಗಡಿಗೆಗಳನ್ನು ಇಳಿಸತೊಡಗಿದೆ. ಸದ್ದು ಕೇಳಿ ಅವರೂ ಎದ್ದು ಬಂದರು. ಅವರು ತಡವಿ ತೋರಿಸಿದ ಜಾಗದಲ್ಲಿ ನಾನು ಇಟ್ಟೆ. ಬೀಸುವ ಕಲ್ಲನ್ನು ಇಬ್ಬರೂ ಸೇರಿ ಉರುಳಿಸಿದೆವು. ಪಾತ್ರೆಗಳು ಹಲಗೆಯಿಂದಿಳಿದು ತಮ್ಮ ಹಳೆಯ ಗೂಡುಗಳನ್ನು ಸೇರಿದವು. ಸಂಜೆ ಬಂದ ಮಾವನವರು ಹೊಸ ಗೋಡೆಗಳ ನಡುವೆ ಹಳೆಯ ಮನೆ ಕುಳಿತಿದ್ದನ್ನು ನೋಡಿ, ಸೊಸೆ ಸೋತಳೆಂದು ನಕ್ಕರು. ನಾನೂ ನಕ್ಕೆ.

ಆದರೆ ಕಿಟಕಿಯನ್ನು ಮುಚ್ಚುವಂತಿರಲಿಲ್ಲವಷ್ಟೆ. ಕೆಲಸವಾದ ಮೇಲೆ ಅತ್ತೆಯವರು ಬಿಸಿಲು ಕಾಯಿಸಿಕೊಳ್ಳಲೆಂದು ಅಲ್ಲಿ ಕೂರತೊಡಗಿದರು. ಒಂದು ದಿನ ಹತ್ತಿಯ ಅಂಡಿಗೆಗಳನ್ನು, ಆಳೆತ್ತರದ ಮೂಟೆಗಳನ್ನು, ಹೇರಿದ ಬಂಡಿಯೊಂದು ಹಾದುಹೋದಾಗ ಅವರು ಮುಖ ಎತ್ತಿ, "ಏನೋ ಅಡ್ಡ ಬಂತಲ್ಲ?" ಎಂದರು. ಇನ್ನೊಮ್ಮೆ ನಾನು ಸದ್ದಿಲ್ಲದೆ ಅವರ ಮುಂದೆ ಕೈಯಾಡಿಸಿದೆ. "ಏ, ಸರೀ ಆಕಡೆ, ಬಿಸಿಲಿಗೆ ಅಡ್ಡ ಬರಬ್ಯಾಡ" ಎಂದರು. ಕತ್ತಲೆಯ ಮನೆಯಲ್ಲಿ ಅವರಿಗೇ ತಿಳಿಯದಿದ್ದುದು ಆ ಕಿಟಕಿಯ ಬಳಿ ತಿಳಿಯಿತು: ಬೆಳಕು ಇನ್ನೂ ಅವರ ಕಣ್ಣೊಳಗೆ ಹೋಗುತ್ತಿತ್ತು. ಆಲೂರಿನ ನನ್ನ ಸೋದರಮಾವನಿಗೂ ಕಣ್ಣಿಗೆ ಪೊರೆ ಬಂದು, ಬಳ್ಳಾರಿಯ ಆಸ್ಪತ್ರೆಯಲ್ಲಿ ತೆಗೆಸಿದ್ದರು. ಬೆಳಕು ತಿಳಿಯುವಷ್ಟಿದ್ದರೆ ಕಣ್ಣು ಬರುತ್ತದೆಂದು ಡಾಕ್ಟರು ಅವನಿಗೆ ಹೇಳಿದ್ದರಂತೆ. ಅತ್ತೆಯವರಿಗೆ ಇದನ್ನು ಹೇಳಿದೆ. "ಆದ್ರ ನೀವ ಮಾವನೋರಿಗೆ ಹೇಳಬೇಕ್ರಿ. ನಾ ಹೇಳಂಗಿಲ್ಲ."

ಅವರು ಬಹಳ ದಿನ ತೆಗೆದುಕೊಂಡರು. ಉರುಕುಂದದ ಈರಣ್ಣನಿಗೆ ಹರಕೆ ಕಟ್ಟಿಕೊಂಡರು, ಬಿಚ್ಚಿದರು, ಮತ್ತೆ ಕಟ್ಟಿಕೊಂಡರು. ಕೊನೆಗೆ ಒಂದು ಮಧ್ಯಾಹ್ನ ಮಾವನವರ ತಟ್ಟೆಗೆ ರೊಟ್ಟಿ ಹಾಕುತ್ತ, "ನನಗ ಕಣ್ಣು ಕಾಣಂಗಿಲ್ಲರಿ" ಎಂದರು.

ಮಾವನವರ ಕೈ ತುತ್ತಿನೊಡನೆ ನಿಂತಿತು. "ಯಾವಾಗಿಂದ?"

"ಈಕಿ ಮದುವ್ಯಾಗ ಮಂಜು ಮಂಜು ಇತ್ತು. ಆಮ್ಯಾಲೆ ಅದೂ ಹೋತು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಈ ಕೀಲಿಕೈ ಯಾರಿಗೆ ಕೊಡ್ತಿದ್ರಿ?"

ಒಂದು ಹತ್ತಿಯೆಳೆಯನ್ನು ಬೆರಳಲ್ಲಿ ಎಳೆದೇ ಅದರ ಗುಣ ಹೇಳುತ್ತಿದ್ದ ಮಾವನವರು, ತಮ್ಮೆದುರು ದಿನವೂ ರೊಟ್ಟಿ ಹಾಕುವವಳ ಕಣ್ಣನ್ನು ನೋಡಿರಲಿಲ್ಲ. ತಟ್ಟೆಯಲ್ಲಿ ಕೈತೊಳೆದು, ಎದ್ದು ನಿಂತು, ಬಹಳ ಮೆಲ್ಲಗೆ, "ಆ ಕೀಲಿಕೈ ನಿನ್ನವು, ಗೌರಿ. ಬಳ್ಳಾರಿಗೆ ಹೋಗೂನು ನಡಿ" ಎಂದರು. ಅವರು ಅತ್ತೆಯವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬಳ್ಳಾರಿಗೆ ಹೋದೆವು. ಪೊರೆ ತೆಗೆದ ಮೇಲೆ ಅತ್ತೆಯವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಿಸದಂತೆ ಮರಳಿನ ಚೀಲಗಳ ನಡುವೆ ಮಲಗಿರಬೇಕಾಯಿತು. ಕೆಲಸವಿಲ್ಲದ ಆ ದಿನಗಳಲ್ಲಿ ನಾನು ಅವರಿಗೆ ಅವರದೇ ಮನೆಯನ್ನು ವರ್ಣಿಸಿದೆ. ಗೋಡೆ ನೀಲಿ ಎಂದೆ. "ಎಂಥಾ ನೀಲಿ?" ಎಂದರು. ಹೇಳಲಾರದೆ ತಡವರಿಸಿದೆ. ಪಟ್ಟಿ ಬಿಚ್ಚಿ, ಕೆಲವು ವಾರಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂದಾಗ ಅವರು ಮೊದಲು ನೋಡಿದ್ದು ನನ್ನ ಮುಖವನ್ನು. ಬಹಳ ಹೊತ್ತು ನೋಡಿ, "ಇಷ್ಟ ಸಣ್ಣಾಕಿ ಅದೀಯೇನು ನೀನು! ನಿನ್ನ ಹೆಜ್ಜಿ ಸಪ್ಪಳಾ ಕೇಳಿ ಗಟ್ಟಿ ಹೆಂಗಸು ಅನ್ಕಂಡಿದ್ದೆ" ಎಂದರು. ದಾದಿಯರೂ ನಕ್ಕರು, ನಾನು ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡೆ.

ಮನೆಗೆ ಬಂದ ದಿನ ಅವರು ನಡುಮನೆಯ ನಡುವೆ ನಿಂತು ಸುತ್ತಲೂ ನೋಡಿದರು. ಮಾಳಿಗೆಯ ತೊಲೆ, ಗೋಡೆ, ಕಿಟಕಿ, ಕಿಟಕಿಯಾಚೆಯ ಬೀದಿ. ನಾನು ಅವರ ಬಾಯಿಂದ ಒಂದು ಮೆಚ್ಚುಗೆಯ ಮಾತಿಗಾಗಿ ಕಾಯುತ್ತಿದ್ದೆ.

"ಈ ಗಡಿಗಿ ಯಾಕ ಕತ್ತಲ ಮೂಲ್ಯಾಗ ಇಟ್ಟೀದಿ?" ಎಂದರು. "ಬೆಳಕು ಬೀಳೋ ಕಡೆ ಇಡಬಾರದೇನು?"

ಸೆರಗು ಸೊಂಟಕ್ಕೆ ಸಿಗಿಸಿ ಶುರುಮಾಡಿದರು. ಗಡಿಗೆಗಳು ಮತ್ತೆ ಮೂಲೆ ಬಿಟ್ಟವು, ಪಾತ್ರೆಗಳು ಹಲಗೆಯೇರಿದವು, ಬೀಸುವ ಕಲ್ಲು ಉರುಳಿತು. ಮನೆಯನ್ನು ಸಿಂಗರಿಸುವುದೆಂದರೆ ಗೋಡೆಗೆ ಬಣ್ಣ ಬಳಿಯುವುದೆಂದು ನಾನು ತಿಳಿದಿದ್ದೆ. ಅದರೊಳಗೆ ಬಾಳುವವರಿಗೆ ಅದನ್ನು ತಮ್ಮ ಇಷ್ಟದಂತೆ ಕದಲಿಸುವ ಹಕ್ಕು ಇರಬೇಕು, ಅದಿಲ್ಲದ ಚೆಲುವು ಅಂಗಡಿಯ ಚೆಲುವು ಎಂದು ಆ ದಿನ ಬೆನ್ನು ನೋಯುವಂತೆ ಕಲಿತೆ.

ಸಂಜೆ ಮಾವನವರು ಬಂದರು. ಎಷ್ಟೋ ವರ್ಷಗಳ ರೂಢಿಯ ದಾರಿಯಲ್ಲಿ ನೆಟ್ಟಗೆ ಒಳಗೆ ನಡೆದವರು ಬೀಸುವ ಕಲ್ಲಿಗೆ ಕಾಲು ಬಡಿಸಿಕೊಂಡು, "ಅಯ್ಯಪ್ಪಾ! ಇದ್ಯಾವಾಗ ಇಲ್ಲಿಗೆ ಬಂತು?" ಎಂದು ಕೂಗಿದರು.

ಅತ್ತೆಯವರು ಹಲಗೆಯ ಮೇಲಿನ ತಂಬಿಗೆಯನ್ನು ತುಸು ಓರೆಮಾಡಿ, ದೂರ ನಿಂತು ಅದರ ಅಂದ ನೋಡುತ್ತಿದ್ದರು. ತಿರುಗದೆಯೇ ಹೇಳಿದರು:

"ಕಣ್ಣದಾವಲ್ಲ, ನೋಡಿಕೊಂಡು ನಡೀರಿ."