ಕುತ್ತಿಗೆಯೊಳಗಿನ ನಾಲ್ಕು ಬೇಳೆ

ನನ್ನ ಕುತ್ತಿಗೆಯ ಗಂಟನ್ನು ಮೊದಲು ಕಂಡುಹಿಡಿದದ್ದು ನಾನೂ ಅಲ್ಲ, ಡಾಕ್ಟರೂ ಅಲ್ಲ, ನನ್ನ ಅಕ್ಕ. ಅಣ್ಣನ ಮಗನ ನಿಶ್ಚಿತಾರ್ಥಕ್ಕೆಂದು ಕನ್ನೊಳ್ಳಿಯ ತವರುಮನೆಯಲ್ಲಿ ಸೇರಿದ್ದೆವು. ನಾನು ನೀರು ಕುಡಿಯುತ್ತಿದ್ದೆ. ಎದುರಿಗೆ ಕೂತಿದ್ದ ಅಕ್ಕ ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಇನ್ನೊಂದು ಗುಟುಕು ಕುಡಿ," ಅಂದಳು.

ಕುಡಿದೆ.

"ನಿನಗೂ ಬಂದೈತಿ," ಅಂದು ಶಿರಾ ಬಡಿಸಲು ಎದ್ದು ಹೋದಳು.

ಅವಳಿಗೆ ಈ ವಿಷಯದಲ್ಲಿ ಅನುಭವವಿತ್ತು. ಎಷ್ಟೋ ವರ್ಷಗಳ ಹಿಂದೆ ಅವಳ ಥೈರಾಯ್ಡ್ ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಗಂಟು ಹೋಯಿತು, ದನಿ ಉಳಿಯಿತು, ಎಲ್ಲರೂ ಪೇಢೆ ತಿಂದೆವು. ಆದರೆ ಥೈರಾಯ್ಡಿನ ಬೆನ್ನಿಗೆ ಇನ್ನೂ ನಾಲ್ಕು ಪುಟ್ಟ ಗ್ರಂಥಿಗಳು ಅಂಟಿಕೊಂಡಿರುತ್ತವೆ. ಒಂದೊಂದೂ ತೊಗರಿಬೇಳೆಯಷ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಅವುಗಳ ಕೆಲಸ. ಅವಕ್ಕೆ ರಕ್ತ ಬರುವುದು ಕೂದಲೆಳೆಯಂಥ ನಾಳಗಳಲ್ಲಿ. ಆ ನಾಳಕ್ಕೆ ಪೆಟ್ಟಾದರೆ ಬೇಳೆ ಇದ್ದಲ್ಲೇ ಇದ್ದರೂ ಕೆಲಸ ನಿಲ್ಲಿಸುತ್ತದೆ. ಅಕ್ಕನವು ನಾಲ್ಕೂ ನಿಲ್ಲಿಸಿದವು. ಯಾರ ತಪ್ಪೂ ಅಲ್ಲ. ಒಳಗೆ ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ.

ನಮಗಿದು ತಿಳಿದದ್ದು ಅವಳು ಇಂಡಿ ಊರಿನ ಗಂಡನ ಮನೆಗೆ ಮರಳಿದ ಮೇಲೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಎರಡೂ ಕೈ ಹಾಗೇ ಸೆಟೆದು ನಿಂತುಬಿಟ್ಟವು. ಮಣಿಕಟ್ಟು ಬಾಗಿ, ಬೆರಳುಗಳೆಲ್ಲ ಒಂದಕ್ಕೊಂದು ಕೂಡಿ, ಹೆಬ್ಬೆರಳು ಒಳಗೆ ಸೇರಿಬಿಟ್ಟಿತ್ತು. ಅವಳ ಅತ್ತೆ ಅದನ್ನು ನೋಡಿ, "ಮಾಡಾಕ ಮನಸಿಲ್ಲಂದ್ರ ಬಾಯಿಲೆ ಹೇಳವ್ವ," ಅಂದರಂತೆ.

ಅಂದಿನಿಂದ ಅಕ್ಕ ಕ್ಯಾಲ್ಸಿಯಂ ಗುಳಿಗೆಯ ಮೇಲೆ ಬದುಕಿದ್ದಾಳೆ. ಹೀಗಾಗಿ ನನ್ನ ಗಂಟಿನ ಪರೀಕ್ಷೆಗಳೆಲ್ಲ ಮುಗಿದು, ಥೈರಾಯ್ಡನ್ನು ಪೂರ್ತಿ ತೆಗೆಯಲೇಬೇಕು ಎಂದಾದಾಗ, ನನ್ನ ಗಂಡ ಸುಮ್ಮನೆ ಬ್ಯಾಗು ಹಿಡಿದು ಹಿಂದೆ ನಿಂತರು. ಆಸ್ಪತ್ರೆಯ ಮಾತುಕತೆಯನ್ನೆಲ್ಲ ಅಕ್ಕ ವಹಿಸಿಕೊಂಡಳು.

ಆಸ್ಪತ್ರೆ ಇದ್ದದ್ದು ವಿಜಯಪುರದಲ್ಲಿ. ಸರ್ಜನ್ ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕ ಮೊದಲು ಕೇಳಿದ್ದು, "ಯಾವೂರ್ರಿ ನಿಮ್ದು?"

"ಹಲಸಂಗಿ ರಿ."

"ನಮ್ಮ ಇಂಡಿ ಕಡೇವರ. ಹಂಗಾರ ಮಾತಾಡೂಣು. ಗಂಟು ತಗೀರಿ, ಬ್ಯಾಡನ್ನೂದಿಲ್ಲ. ಆದ್ರ ನನ್ನ ತಂಗಿ ಬೇಳಿ ಉಳೀಬೇಕು."

ಡಾಕ್ಟರಿಗೆ ಬೇಳೆ ಎಂದರೆ ಏನೆಂದು ಕೂಡಲೇ ತಿಳಿಯಿತು. ಅವರು ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿಕೊಂಡರು. ರೋಗಿ ನಾನು ಎಂಬುದನ್ನು ಆಮೇಲೆ ಇಬ್ಬರೂ ಮರೆತರು.

"ಈಗ ಒಂದು ಕ್ಯಾಮೆರಾ ಬಂದೈತ್ರಿ ಅಕ್ಕಾರ. ಆಪರೇಷನ್ ನಡೆದಾಗ ಕೈಯ ನರದಾಗ ಒಂದು ಹಸರು ಬಣ್ಣದ ಔಷಧ ಕೊಡ್ತೇವಿ. ಅದು ರಕ್ತದ ಕೂಡ ಎಲ್ಲಾ ಕಡೆ ಹೋಗ್ತೈತಿ. ಮ್ಯಾಲೆ ಕಣ್ಣಿಗೆ ಕಾಣದಂಥ ಬೆಳಕ ಬಿಡ್ತೇವಿ. ಆ ಬೆಳಕಿಗೆ ಬಣ್ಣ ಹೊಳೀತೈತಿ, ಅದು ಟೀವಿಯೊಳಗ ಕಾಣ್ತೈತಿ. ಯಾವ ಬೇಳಿ ಹೊಳೀತೈತೋ ಅದಕ್ಕ ರಕ್ತ ಬರಾಕತ್ತೈತಿ ಅಂತ ಅರ್ಥ."

"ಹೊಳೀಲಿಲ್ಲಂದ್ರ?"

"ಅದನ್ನ ತಗದು, ಸಣ್ಣಗ ಹೆಚ್ಚಿ, ಕುತ್ತಿಗಿ ಸ್ನಾಯುದಾಗ ಹುಗೀತೇವ್ರಿ. ಭಾಳ ಸಲ ಅಲ್ಲೇ ಜೀವ ಹಿಡೀತೈತಿ."

ಅಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಆ ಬಣ್ಣಕ್ಕ ಇಕಿ ಹಸರಾಗ್ತಾಳೇನ್ರಿ?"

"ಇಲ್ರಿ. ಲಿವರ್ ಅದನ್ನ ಹೊರಗ ಹಾಕ್ತೈತಿ."

"ಆತು. ಮಾಡ್ರಿ," ಎಂದು ಅಕ್ಕ ನನ್ನ ಪರವಾಗಿ ಒಪ್ಪಿಗೆ ಕೊಟ್ಟಳು.

ನಾನು ಮುದ್ದೇಬಿಹಾಳದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಂಪು ಬಣ್ಣದ ಆಚೆಗೂ ಬೆಳಕಿದೆ, ಅದು ಕಣ್ಣಿಗೆ ಕಾಣುವುದಿಲ್ಲ ಎಂದು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಅದರಿಂದ ಯಾರಿಗೆ ಏನು ಉಪಯೋಗ ಎಂದು ಅವರೂ ಕೇಳಿಲ್ಲ, ನಾನೂ ಯೋಚಿಸಿರಲಿಲ್ಲ.

ಆಪರೇಷನ್ನಿನ ಬಗ್ಗೆ ನಾನು ಹೇಳಬಹುದಾದದ್ದು ಇಷ್ಟೇ: ತಣ್ಣಗಿತ್ತು, ಯಾರೋ ನನ್ನ ಶಾಲೆಯ ಬಗ್ಗೆ ಕೇಳಿದರು, ಉತ್ತರ ಪೂರ್ತಿಯಾಗುವ ಮೊದಲೇ ಮುಗಿದಿತ್ತು. ಕಣ್ಣು ಬಿಟ್ಟಾಗ ಅಕ್ಕ ನನ್ನ ಕಿವಿಯ ಮುಂದಿನ ಕೆನ್ನೆಯನ್ನು ಬೆರಳಿನಿಂದ ಬಡಿಯುತ್ತಿದ್ದಳು. ಕ್ಯಾಲ್ಸಿಯಂ ಇಳಿದಿದ್ದರೆ ಹಾಗೆ ಬಡಿದಾಗ ತುಟಿ ಸೆಳೆಯುತ್ತದೆ. ಇದನ್ನು ಅವಳು ತನ್ನ ಕಾಯಿಲೆಯ ಕಾಲದಲ್ಲಿ ಕಲಿತಿದ್ದಳು. ತುಟಿ ಸೆಳೆಯಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ಸಂಜೆಯ ಹೊತ್ತಿಗೆ ಗಾಯಕ್ಕಿಂತ ಕೆನ್ನೆಯೇ ಹೆಚ್ಚು ನೋಯುತ್ತಿತ್ತು.

ಮರುದಿನ ನನ್ನ ತುಟಿಯ ಸುತ್ತ ಜುಮುಗುಟ್ಟತೊಡಗಿತು. ನಾನು ಯಾರಿಗೂ ಹೇಳಲಿಲ್ಲ, ಸೆರಗಿನಿಂದ ಒರೆಸಿಕೊಂಡೆ. ಅಕ್ಕ ನೋಡಿಬಿಟ್ಟಳು.

"ಇರುವಿ ಹರದಂಗ ಆಗಾಕತ್ತೈತೇನು?"

ನಾನು ಹೌದೆಂದು ತಲೆಯಾಡಿಸಿದೆ. ಕ್ಯಾಲ್ಸಿಯಂ ಇಳಿಯುವ ಮೊದಲ ಗುರುತು ಅದು ಎಂದು ಅವಳಿಗೆ ಗೊತ್ತಿತ್ತು. ನರ್ಸನ್ನು ಕರೆಯುವುದಕ್ಕೆ ಗುಂಡಿಯಿತ್ತು, ಆದರೆ ಅಕ್ಕ ಬಾಗಿಲಲ್ಲಿ ನಿಂತು ಹೊಲದಲ್ಲಿ ಕರೆಯುವಂತೆ ಕರೆದಳು. ರಕ್ತ ತೆಗೆದುಕೊಂಡು ಹೋದರು. ವರದಿ ಬರುವವರೆಗೆ ಅವಳು ಹಾಸಿಗೆಯ ಅಂಚಿನಲ್ಲೇ ಕೂತಳು. ನನ್ನ ಎರಡೂ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ನನಗೂ ಹೆದರಿಕೆಯಾಗಿತ್ತು. ಆದರೆ ಅವಳನ್ನು ನೋಡಿದ ಮೇಲೆ ನನ್ನ ಹೆದರಿಕೆಗೆ ಅಲ್ಲಿ ಜಾಗವಿರಲಿಲ್ಲ.

ಡಾಕ್ಟರ್ ಬಂದು, "ಕ್ಯಾಲ್ಸಿಯಂ ತುಸು ಇಳದೈತಿ, ಅಷ್ಟ. ಮೂರು ಬೇಳಿ ಚಲೋ ಹೊಳದಾವು. ಪೆಟ್ಟಾದ ನಾಕನೇದೂ ಚೇತರಿಸಿಕೊಳ್ತೈತಿ. ಸ್ವಲ್ಪ ದಿನ ಗುಳಿಗಿ ತಗೊಂಡ್ರ ಸಾಕು," ಅಂದರು.

ಅಕ್ಕ ಎದ್ದು ಹೊರಗೆ ಹೋದಳು. ತಿರುಗಿ ಬಂದಾಗ ಕಣ್ಣುಗಳು ಕೆಂಪಾಗಿದ್ದವು. ಹೊರಗೆ ಫಿನಾಯಿಲ್ ಬಹಳ ಹಾಕಿದ್ದಾರೆ ಅಂದಳು.

ಮನೆಗೆ ಕಳಿಸುವ ದಿನ ಡಾಕ್ಟರ್ ಕಂಪ್ಯೂಟರಿನಲ್ಲಿ ಆ ಚಿತ್ರಗಳನ್ನು ತೋರಿಸಿದರು. ನನ್ನ ಕುತ್ತಿಗೆ ಕಪ್ಪು ಬಿಳುಪಿನಲ್ಲಿ, ಮೋಡ ಕವಿದ ಆಕಾಶದಂತಿತ್ತು. ನಿಧಾನವಾಗಿ ಒಂದು ಚುಕ್ಕೆ ಬೆಳಗಿತು.

"ಇದು ಬರಿಗಣ್ಣಿಗೆ ಕರ್ರಗ ಕಂದಿತ್ರಿ. ಕೆಟ್ಟೈತಿ ಅಂತ ತಗಿಯೋಳಿದ್ದೆ," ಎಂದು ಡಾಕ್ಟರ್ ಆ ಚುಕ್ಕೆಯನ್ನು ತೋರಿಸಿದರು. ಆಮೇಲೆ ಬೆರಳನ್ನು ಇನ್ನೊಂದು ಮೂಲೆಗೆ ಸರಿಸಿದರು. ಅಲ್ಲಿ ಏನೂ ಬೆಳಗಲಿಲ್ಲ. "ಇದು ನೋಡಾಕ ಭಾಳ ಚಂದ ಇತ್ತು. ಕಾದೆ, ಮತ್ತ ನೋಡಿದೆ, ಹೊಳೀಲಿಲ್ಲ. ಇದನ್ನ ಹೆಚ್ಚಿ ಸ್ನಾಯುದಾಗ ಇಟ್ಟೇನಿ. ಬೆಳಕ ಇರಲಿಲ್ಲಂದ್ರ ಉಲ್ಟಾ ಮಾಡತಿದ್ದೆ."

ಅಕ್ಕ ಇನ್ನೊಮ್ಮೆ ತೋರಿಸಲು ಹೇಳಿದಳು. ಮತ್ತೊಮ್ಮೆ ಹೇಳಿದಳು. ಆಮೇಲೆ ಸೆರಗನ್ನು ಸರಿಸಿ, ತನ್ನ ಕುತ್ತಿಗೆಯ ಹಳೆಯ ಗೆರೆಯನ್ನು ಡಾಕ್ಟರಿಗೆ ತೋರಿಸಿದಳು.

"ನಂದೂ ಒಮ್ಮಿ ಬೆಳಕ ಹಾಕಿ ನೋಡ್ರಿ. ಒಂದರ ಹೊಳದೀತು."

ಡಾಕ್ಟರ್ ಆ ಗೆರೆಯ ಮೇಲೆ ಬೆರಳಾಡಿಸಿದರು. "ಕುತ್ತಿಗಿ ತೆರೆದಾಗ ಅಷ್ಟ ನೋಡಾಕ ಬರ್ತೈತ್ರಿ ಅಕ್ಕಾರ. ಈಗ ನೋಡಿ ಉಪಯೋಗಿಲ್ಲ."

"ಆವಾಗ ಇದು ಇದ್ದಿಲ್ಲೇನ್ರಿ?"

"ನಮ್ಮ ಕಡೆ ಇದ್ದಿಲ್ರಿ."

"ಆತ್ ಬಿಡ್ರಿ," ಎಂದು ಅಕ್ಕ ಸೆರಗು ಹೊದ್ದುಕೊಂಡಳು.

ಡಾಕ್ಟರ್ ಅಲ್ಲಿಗೆ ಬಿಡಲಿಲ್ಲ. ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ಥೈರಾಯ್ಡಿನ ಗುಳಿಗೆ ಬಿಟ್ಟರೆ ಕ್ಯಾಲ್ಸಿಯಂ ಮಾತ್ರ ಎಂದು ಗೊತ್ತಾಯಿತು. ಅದರ ಜೊತೆಗೆ ವಿಟಮಿನ್ ಡಿಯ ಸಣ್ಣ ಗುಳಿಗೆಯೊಂದಿತ್ತಂತೆ. ಒಂದು ರೋಗಕ್ಕೆ ಎರಡೇಕೆ ಎಂದು ಅಕ್ಕ ಅದನ್ನು ಎಂದೋ ಬಿಟ್ಟಿದ್ದಳು. ಅದಿಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅವಳಿಗೆ ಆಗಾಗ ಬರುತ್ತಿದ್ದ ಕಾಲು ಸೆಳೆತ ವಯಸ್ಸಿಗೆ ಬಂದದ್ದೆಂದು ನಾವೆಲ್ಲ ತಿಳಿದಿದ್ದೆವು. ಡಾಕ್ಟರ್ ಅವಳನ್ನು ಚೆನ್ನಾಗಿ ಬೈದರು. ಅಕ್ಕನನ್ನು ಯಾರಾದರೂ ಬೈದದ್ದನ್ನು ನಾನು ಮೊದಲ ಸಲ ನೋಡಿದೆ. ನನ್ನ ಗಂಡ ಬ್ಯಾಗನ್ನು ಕೆಳಗಿಟ್ಟು ಆ ಬೈಗುಳಕ್ಕೆ ಕಿವಿಗೊಟ್ಟರು.

ನನ್ನನ್ನು ನೋಡಿಕೊಳ್ಳಲು ಅಕ್ಕ ನಮ್ಮ ಜೊತೆಗೆ ಮುದ್ದೇಬಿಹಾಳಕ್ಕೆ ಹೊರಟಳು. ಬಸ್ಸು ಬಸವನ ಬಾಗೇವಾಡಿಗೆ ಬಂತು. ಅಲ್ಲಿ ಅರ್ಧ ಬಸ್ಸು ಇಳಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು:

"ನಿಂದು ಉಳದದ್ದಕ್ಕ ಖುಷಿ ಆಗೇತಿ. ನಂದು ಹೋದದ್ದಕ್ಕ ಸಿಟ್ಟೂ ಬಂದೈತಿ. ಎರಡೂ ಕೂಡೇ ಬಂದ್ರ ಏನು ಮಾಡ್ಬೇಕ?"

ಅವಳ ಭುಜಕ್ಕೆ ತಲೆಯಿಟ್ಟೆ. "ಹೊಲಿಗಿ ಜೋಕಿ," ಅಂದಳು, ಆದರೆ ಸರಿಯಲಿಲ್ಲ.

ನನ್ನ ಕ್ಯಾಲ್ಸಿಯಂ ಗುಳಿಗೆ ಕೆಲವು ವಾರಗಳಲ್ಲಿ ನಿಂತಿತು. ಅಕ್ಕ ಸಣ್ಣ ಗುಳಿಗೆಯನ್ನು ಮತ್ತೆ ಶುರು ಮಾಡಿದಳು. ಆಗಾಗ ರಕ್ತ ಪರೀಕ್ಷೆಗೆ ವಿಜಯಪುರಕ್ಕೆ ಹೋಗುತ್ತಾಳೆ, ಡಾಕ್ಟರಿಗೆ ತಮ್ಮ ತೋಟದ ನಿಂಬೆಹಣ್ಣು ಒಯ್ಯುತ್ತಾಳೆ. ಕಾಲು ಸೆಳೆತ ಬಹಳ ಕಡಿಮೆಯಾಗಿದೆ. ಮೊನ್ನೆ ಫೋನ್ ಮಾಡಿ, ಈ ಸಲ ವರದಿ ಪೂರಾ ಸರಿ ಬಂದಿದೆ ಎಂದು ಹೇಳಿದಳು. ನಾನು ಖುಷಿಯಿಂದ ಏನೋ ಹೇಳಹೊರಟೆ. ಅಷ್ಟರಲ್ಲಿ ಅವಳು, ಉಪ್ಪಿನಕಾಯಿ ಕಳಿಸಿದ ಭರಣಿಯನ್ನು ಯಾವಾಗ ವಾಪಸು ಕೊಡುತ್ತೀ ಎಂದು ಕೇಳಿದಳು.